ಬಿಳುಪಿನ ಕ್ರೀಮ್, ಮೂತ್ರಪಿಂಡ ಮತ್ತು ಕೇಳಬೇಕಾದ ಪ್ರಶ್ನೆ

ಮುಖಕ್ಕೆ ಹಚ್ಚಿದ ಕ್ರೀಮಿನಿಂದ ಕಾಲಿಗೆ ಬಾವು ಬರಬಹುದೇ? ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ದಾಖಲೆಗಳು ಬರಬಹುದು ಎನ್ನುತ್ತವೆ. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ವೈದ್ಯರು ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳನ್ನು ಪರಿಶೀಲಿಸಿದರು. 15 ಮಂದಿಯಲ್ಲಿ ನೆಲ್-1 ಪ್ರೋಟೀನಿಗೆ ಸಂಬಂಧಿಸಿದ ಬಗೆ ಕಂಡುಬಂತು. ಅವರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಬಳಸಿದ್ದರು. ಬಳಕೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಒಂದೇ ಆಸ್ಪತ್ರೆಯ ಈ ಅಂಕಿಗಳಿಂದ, ಕ್ರೀಮ್ ಹಚ್ಚುವ ನೂರು ಜನರಲ್ಲಿ ಎಷ್ಟು ಮಂದಿಗೆ ಕಾಯಿಲೆ ಬರುತ್ತದೆಂದು ಲೆಕ್ಕ ಹಾಕಲಾಗದು. ಆದರೂ ನಂಟು ಕಡೆಗಣಿಸುವಂಥದ್ದಲ್ಲ.

ಇಲ್ಲಿ ಶಂಕಿತ ವಸ್ತು ಪಾದರಸ. ಚರ್ಮದ ಕಪ್ಪು ಬಣ್ಣ ತಯಾರಿಸುವ ಟೈರೊಸಿನೇಸ್ ಕಿಣ್ವವನ್ನು ಅದು ತಡೆಯುತ್ತದೆ; ಬಿಳುಪು ಬೇಗ ಕಾಣುವುದು ಅದರಿಂದಲೇ. ಚರ್ಮದ ಮೂಲಕ ಒಳಹೋದ ಪಾದರಸ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಸೋಸುವ ಪೊರೆ ಕೆಟ್ಟಾಗ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಿ ಮೂತ್ರ ನೊರೆಯಾಗುತ್ತದೆ, ಕಾಲು ಬಾತುಕೊಳ್ಳುತ್ತದೆ.

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಇಂಥ ಕ್ರೀಮುಗಳಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸಕ್ಕೂ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಮಿತಿ ಹಾಕಿವೆ. ಅಂದರೆ 20 ಗ್ರಾಂ ಡಬ್ಬಿಯಲ್ಲಿ 0.02 ಮಿಲಿಗ್ರಾಂ. ಹಲವು ದೇಶಗಳ ತಪಾಸಣೆಯಲ್ಲಿ 10,000 ಪಿಪಿಎಂ ಮೀರಿದ ಕ್ರೀಮುಗಳೂ ಸಿಕ್ಕಿವೆ. ಆ ಪ್ರಮಾಣದಲ್ಲಿ ಅದೇ ಡಬ್ಬಿಯಲ್ಲಿ 200 ಮಿಲಿಗ್ರಾಂ ಇರುತ್ತದೆ.

ಎರಡನೆಯ ಅಪಾಯ ಬೇರೆ ಬಗೆಯದು. ಬಂಗಿಗೆಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಕೆಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್, ಹೈಡ್ರೊಕ್ವಿನೋನ್ ಇರುತ್ತವೆ. ಇವು ಔಷಧಗಳು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಮೊಡವೆ ಎಬ್ಬಿಸುತ್ತದೆ; ಬಿಟ್ಟರೆ ಮುಖ ಕೆಂಪೇರಿ ಉರಿಯುತ್ತದೆ. ಉರಿ ತಾಳದೆ ಮತ್ತೆ ಅದನ್ನೇ ಹಚ್ಚುವವರಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕೆಂದು ಬಿಗಿಗೊಳಿಸಿತು.

ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿಗೆ ಮೂತ್ರಪಿಂಡದ ಈ ಅಪಾಯದ ಅರ್ಥ ಸ್ಪಷ್ಟ. ಮೂತ್ರಪಿಂಡದ ಬಯಾಪ್ಸಿಗೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಆದರೆ ಮೂತ್ರದ ಆಲ್ಬುಮಿನ್ ಪರೀಕ್ಷೆಗೆ ಅದ್ದಿ ನೋಡುವ ಒಂದು ಪಟ್ಟಿ ಸಾಕು. ಬಾವು ಬಂದ ಕಾಲನ್ನು ತೋರಿಸಲು ಬಂದವರು ಮುಖದ ಕ್ರೀಮಿನ ಮಾತನ್ನು ತಾವಾಗಿ ಎತ್ತುವುದಿಲ್ಲ. ಆದ್ದರಿಂದ ಆಲ್ಬುಮಿನ್ ಕಂಡಲ್ಲಿ ವೈದ್ಯರೇ ‘ಮುಖಕ್ಕೆ ಏನ್ ಹಚ್ಕೋತೀರವ್ವಾ?’ ಎಂದು ಕೇಳಬೇಕು, ಡಬ್ಬಿ ತರಿಸಿ ನೋಡಬೇಕು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಕ್ರೀಮನ್ನು ಆ ದಿನವೇ ಬಿಡಿಸಬೇಕು. ಡಬ್ಬಿಯನ್ನು ಎಸೆಯದೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಪರೀಕ್ಷೆಗೆ ಒಪ್ಪಿಸಬೇಕು.