ಪ್ಲೇಟಿಗೆ ಬಂದ ಸೊನಾಟ

ಬೀಥೋವನ್‌ನ 32 ಪಿಯಾನೊ ಸೊನಾಟಗಳನ್ನು ಒಂದೇ ದೊಡ್ಡ ಕೃತಿಯೆಂಬಂತೆ ನೋಡುವುದು ನಮಗೀಗ ರೂಢಿಯಾಗಿದೆ. ಒಳ್ಳೆಯ ಪಿಯಾನೊವಾದಕರ ಹೆಸರು ಬಂದರೆ ಸಾಕು, ‘ಮೂವತ್ತೆರಡನ್ನೂ ಮುಗಿಸಿದ್ದಾರಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವನ್ನು ಬರೆದು ಮುಗಿಸಲು ಬೀಥೋವನ್‌ಗೆ ಸುಮಾರು 30 ವರ್ಷ ಹಿಡಿಯಿತು. ಅವನ್ನೆಲ್ಲ ಒಂದೇ ಸಾಲಿನಲ್ಲಿ ಕೇಳಿಸಬೇಕೆಂಬ ಯೋಚನೆ ಆತನಿಗೆ ಇದ್ದಂತೆ ಕಾಣುವುದಿಲ್ಲ. 1861ರಲ್ಲಿ ಚಾರ್ಲ್ಸ್ ಹ್ಯಾಲೆ ಲಂಡನ್ನಿನ ಸರಣಿ ಕಛೇರಿಗಳಲ್ಲಿ ಎಲ್ಲವನ್ನೂ ನುಡಿಸಿದ್ದುಂಟು. ಆದರೂ ಮನೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಕೇಳಬಹುದಾದ ‘ಸಂಪೂರ್ಣ ಸೊನಾಟ’ ಎಂಬ ವಸ್ತುವನ್ನು ಹುಟ್ಟಿಸಿದ್ದು ಧ್ವನಿಮುದ್ರಣದ ಉದ್ಯಮ. ಅದನ್ನು ಹುಟ್ಟಿಸಿದ ಸಂಗತಿಗಳಲ್ಲಿ ಸಂಗೀತದಷ್ಟೇ ಪಾಲು ಮೇಣ, ಟೇಪು ಮತ್ತು ದುಡ್ಡಿನದು.

ಶುರುವಿನಲ್ಲಿ ಪಿಯಾನೊ ಈ ಉದ್ಯಮಕ್ಕೆ ಒಲಿಯಲೇ ಇಲ್ಲ. ಕೊಳವೆಗೆ ಬಾಯಿಟ್ಟು ಹಾಡುವ ಕಂಠ ಮೇಣದ ಮೇಲೆ ಚೆನ್ನಾಗಿ ಕೂರುತ್ತಿತ್ತು. ಪಿಯಾನೊ ಮಾತ್ರ ಡಬ್ಬಿಯೊಳಗಿಂದ ಬಂದ ಸದ್ದಿನಂತೆ ಕೇಳುತ್ತಿತ್ತು. 1904ರಲ್ಲಿ ಬಂದ ವೆಲ್ಟೆ-ಮಿನ್ಯೋನ್ ಯಂತ್ರ ವಾದಕನ ಬೆರಳೊತ್ತನ್ನು ಕಾಗದದ ಸುರುಳಿಯಲ್ಲಿ ರಂಧ್ರಗಳಾಗಿ ಹಿಡಿದು ಮತ್ತೆ ಪಿಯಾನೊ ಮೇಲೆಯೇ ನುಡಿಸಿ ತೋರಿಸುತ್ತಿತ್ತು. ಅದು ಜಾಣತನದ ದಾರಿ, ಆದರೆ ದುಬಾರಿ. 1925ರಲ್ಲಿ ಮೈಕು ಬಂದ ಮೇಲೆಯೇ ಪಿಯಾನೊದ ದನಿಗೆ ಮೈ ಬಂತು. ಪ್ಲೇಟಿನ ಅಳತೆ ಮಾತ್ರ ಬದಲಾಗಲಿಲ್ಲ. 12 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ನಾಲ್ಕು, ನಾಲ್ಕೂವರೆ ನಿಮಿಷ ಅಷ್ಟೆ.

ಈ ಇಕ್ಕಟ್ಟು ನಮ್ಮ ಸಂಗೀತಗಾರರಿಗೂ ಇತ್ತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್‌ರನ್ನು ಮುದ್ರಿಸಿದಾಗ ಅವರು ಕೆಲವೇ ನಿಮಿಷಗಳಲ್ಲಿ ರಾಗವನ್ನು ಹಿಡಿದು ತೋರಿಸಿದರು. ಬೇಕಾದಷ್ಟು ಹಿಗ್ಗಿಸುವ, ಕುಗ್ಗಿಸುವ ಅನುಕೂಲ ರಾಗಕ್ಕುಂಟು. ಬರೆದಿಟ್ಟ ಸೊನಾಟಕ್ಕೆ ಅದಿಲ್ಲ. ಹಾಗಾಗಿ ಅದನ್ನು ತುಂಡು ಮಾಡಬೇಕಾಯಿತು, ಕೇಳುವವನು ನಡುನಡುವೆ ಎದ್ದು ಪ್ಲೇಟು ತಿರುಗಿಸಬೇಕಾಯಿತು.

ಮೂವತ್ತು ವರ್ಷಗಳ ಬಳಿಕ ಆರ್ಟುರ್ ಶ್ನಾಬೆಲ್‌ರನ್ನು ಒಲಿಸಿ ಸ್ಟುಡಿಯೊಗೆ ಕರೆತಂದದ್ದೂ ಇದೇ ಗೈಸ್‌ಬರ್ಗ್. ಬೀಥೋವನ್ ತೀರಿ ನೂರು ವರ್ಷವಾದ 1927ರಲ್ಲಿ ಶ್ನಾಬೆಲ್ ಬರ್ಲಿನ್ನಿನಲ್ಲಿ 32 ಸೊನಾಟಗಳನ್ನೂ ನುಡಿಸಿದ್ದರು. ಮುದ್ರಣವೆಂದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ನುಡಿಸಿದಂತೆ ಇನ್ನೊಂದು ಸಲ ನುಡಿಸಲಾಗದು, ಅದನ್ನು ಕಲ್ಲಾಗಿಸಬಾರದು ಎಂಬುದು ಅವರ ನಿಲುವು. ಕೊನೆಗೆ ಒಪ್ಪಿ 1932ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಕೂತರು. ಸ್ಟುಡಿಯೊ ತೆರೆದು ಎರಡೇ ತಿಂಗಳಾಗಿತ್ತು. ಕೆಲಸ 1935ರವರೆಗೆ ನಡೆಯಿತು. ನಡುವೆ, 1933ರಲ್ಲಿ, ಯಹೂದಿಯಾದ ಅವರು ಬರ್ಲಿನ್ ಬಿಟ್ಟು ಹೋಗಬೇಕಾಯಿತು.

ಆಗಿನ ಕೆಲಸದ ಕ್ರಮ ಈಗಿನವರಿಗೆ ನಂಬಲಾಗದ್ದು. ತಪ್ಪಿದರೆ ಆ ಮಗ್ಗುಲನ್ನು ಪೂರ್ತಿ ಮತ್ತೆ ನುಡಿಸಬೇಕು. ಮೇಣದ ಅಚ್ಚನ್ನು ಆಗಲೇ ಕೇಳಿ ನೋಡಿದರೆ ಅಚ್ಚೇ ಕೆಡುತ್ತದೆ, ಆದ್ದರಿಂದ ಹೇಗೆ ಬಂದಿದೆಯೆಂಬುದು ಆ ದಿನ ಗೊತ್ತಾಗುವಂತಿಲ್ಲ. ಇಷ್ಟಾಗಿಯೂ ಶ್ನಾಬೆಲ್ ಎಚ್ಚರಿಕೆಗಿಂತ ಸಾಹಸವನ್ನೇ ಆರಿಸಿಕೊಂಡರು. ‘ಹ್ಯಾಮರ್‌ಕ್ಲಾವಿಯರ್’ ಸೊನಾಟಕ್ಕೆ ಮಾತ್ರ ಬೀಥೋವನ್ ತಾನೇ ಮೆಟ್ರೊನೋಮ್ ಗುರುತು ಹಾಕಿದ್ದಾನೆ. ಆ ವೇಗವನ್ನು ಮನುಷ್ಯ ಮುಟ್ಟಲಾರ ಎಂದು ಎಷ್ಟೋ ಜನ ಕೈಬಿಟ್ಟಿದ್ದಾರೆ. ಶ್ನಾಬೆಲ್ ಮುಟ್ಟಲು ಹೊರಟು ಮೊದಲ ಭಾಗವನ್ನು ಒಂಬತ್ತು ನಿಮಿಷದೊಳಗೆ ಮುಗಿಸಿದರು. ದಾರಿಯಲ್ಲಿ ಸ್ವರಗಳು ಉದುರಿವೆ, ಕೆಲವು ಕಡೆ ಕೈ ತಪ್ಪಿರುವುದು ಯಾರಿಗೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಮುಂದಿನ ಎಷ್ಟೋ ನಿರ್ದುಷ್ಟ ಮುದ್ರಣಗಳಿಗಿಂತ ಇದು ಮೇಲು, ಬರೆದವನ ಆವೇಶ ಇದರಲ್ಲಿದೆ.

ಇದಕ್ಕೆಲ್ಲ ದುಡ್ಡು ಬಂದದ್ದು ಚಂದಾದಿಂದ. ವಾಲ್ಟರ್ ಲೆಗ್ ಎಂಬ ಇಪ್ಪತ್ತೈದರ ಪ್ರಾಯದ ಸಂಗೀತಪ್ರೇಮಿ 1931ರಲ್ಲಿ ಹ್ಯೂಗೊ ವುಲ್ಫ್‌ನ ಹಾಡುಗಳಿಗಾಗಿ ಹೊಸ ಉಪಾಯ ಹೂಡಿದ್ದ: ಮೊದಲು 500 ಚಂದಾದಾರರನ್ನು ಕೂಡಿಸು, ಆಮೇಲೆ ಮುದ್ರಿಸು. ಶ್ನಾಬೆಲ್‌ರ ಪ್ಲೇಟುಗಳೂ ಬೀಥೋವನ್ ಸೊನಾಟ ಸೊಸೈಟಿಯ ಹೆಸರಿನಲ್ಲಿ ಸಂಪುಟ ಸಂಪುಟವಾಗಿ ಚಂದಾದಾರರ ಮನೆ ಸೇರಿದವು.

ಬೀಥೋವನ್‌ಗೆ ಚಂದಾದಾರರು ಸಿಕ್ಕಾರು. ನಿಕೊಲಾಯ್ ಮೆಟ್ನರ್‌ಗೆ ಸಿಗುತ್ತಾರೆಯೇ? ಮಾಸ್ಕೋದ ಈ ಪಿಯಾನೊವಾದಕ ಹಳೆಯ ಸೊನಾಟ ರೂಪವನ್ನು ಬಿಡದೆ ಹಿಡಿದು 14 ಪಿಯಾನೊ ಸೊನಾಟಗಳನ್ನು ಬರೆದಿದ್ದರು. 1921ರಲ್ಲಿ ರಷ್ಯ ಬಿಟ್ಟು ಅಲ್ಲಿ ಇಲ್ಲಿ ಅಲೆದು ಲಂಡನ್ನಿನಲ್ಲಿ ನೆಲೆಸಿದ್ದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹೃದ್ರೋಗ ಹಿಡಿದಿತ್ತು, ಕೇಳುವವರು ಕಡಿಮೆಯಾಗಿದ್ದರು. ಆಗ ನೆರವು ಬಂದದ್ದು ಮೈಸೂರಿನಿಂದ.

ಜಯಚಾಮರಾಜ ಒಡೆಯರ್ ಪಿಯಾನೊ ಕಲಿತಿದ್ದರು, ವಾದಕರಾಗಬೇಕೆಂಬ ಆಸೆಯೂ ಇತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು, 21ರ ಪ್ರಾಯದಲ್ಲಿ ಸಿಂಹಾಸನ ಏರಬೇಕಾಯಿತು. ನುಡಿಸುವ ದಾರಿ ಮುಚ್ಚಿತು, ಕೇಳುವ ಮತ್ತು ಕೇಳಿಸುವ ದಾರಿ ಉಳಿಯಿತು. ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಮುದಿ ಸಂಗೀತಗಾರ ತನ್ನ ಮೂರು ಕನ್ಚೆರ್ಟೊಗಳನ್ನೂ ಕೆಲವು ಸೊನಾಟಗಳನ್ನೂ ಹಾಡುಗಳನ್ನೂ ತಾನೇ ಪಿಯಾನೊ ಮುಂದೆ ಕೂತು ಮುದ್ರಿಸಿದರು. ಮೂರನೆಯ ಕನ್ಚೆರ್ಟೊ ಮಹಾರಾಜರಿಗೇ ಅರ್ಪಿತ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಎರಡು ಮೂರು ವರ್ಷ ತಡವಾಗಿದ್ದರೂ ಆ ಕೈಯ ನುಡಿಸಾಣಿಕೆಯ ಬಹುಪಾಲು ನಮಗೆ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೂ ಮೈಸೂರಿನ ಹಣ ಸಂದಿತ್ತು. ಕನ್ನಡದಲ್ಲಿ ಒಡೆಯರನ್ನು ಶ್ರೀವಿದ್ಯಾ ಅಂಕಿತದ ಕೃತಿಗಳಿಗಾಗಿ ನೆನೆಯುತ್ತೇವೆ, ಮೆಟ್ನರ್ ವಿಷಯ ಬಂದರೆ ಅರಸರ ಶೋಕಿಯೆಂಬಂತೆ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಅದು ಶೋಕಿಯಲ್ಲ. 1998ರಲ್ಲಿ ಮಾರ್ಕ್-ಆಂದ್ರೆ ಹ್ಯಾಮೆಲಿನ್ 14 ಸೊನಾಟಗಳನ್ನೂ ಒಟ್ಟಿಗೆ ಹೊರತಂದಾಗ, ಮೆಟ್ನರ್ ಸ್ವತಃ ಹೇಗೆ ನುಡಿಸುತ್ತಿದ್ದರೆಂದು ಹೋಲಿಸಿ ನೋಡಲು ಆ ಪ್ಲೇಟುಗಳಿದ್ದವು.

1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಪ್ಲೇಟು ಬಂತು, ಅದೇ ಸುಮಾರಿಗೆ ಟೇಪು ಬಂತು. ಒಂದು ಸೊನಾಟ ಒಂದೇ ಮಗ್ಗುಲಿನಲ್ಲಿ ಹಿಡಿಯಿತು. ವಿಲ್ಹೆಲ್ಮ್ ಕೆಂಪ್ಫ್ 1950ರ ದಶಕದಲ್ಲಿ ಮೋನೊದಲ್ಲಿ ಒಮ್ಮೆ, 1964–65ರಲ್ಲಿ ಸ್ಟೀರಿಯೊದಲ್ಲಿ ಇನ್ನೊಮ್ಮೆ 32ನ್ನೂ ನುಡಿಸಿದರು. ಆಲ್‌ಫ್ರೆಡ್ ಬ್ರೆಂಡೆಲ್ ಮೂರು ಸಲ. ಸೋವಿಯತ್ ಒಕ್ಕೂಟದಲ್ಲಿ ಮೊದಲು ಎಲ್ಲವನ್ನೂ ಮುದ್ರಿಸಿದವರು ಮರಿಯಾ ಗ್ರಿನ್‌ಬರ್ಗ್.

ಎಲ್‌ಪಿಗಿಂತ ದೊಡ್ಡ ಬದಲಾವಣೆ ತಂದದ್ದು ಟೇಪು. ಬೆಳಗ್ಗೆ ನುಡಿಸಿದ್ದರಲ್ಲಿ ಚೆನ್ನಾಗಿ ಬಂದ ಒಂದು ತುಣುಕನ್ನು ಕತ್ತರಿಸಿ ಸಂಜೆಯದಕ್ಕೆ ಅಂಟಿಸಬಹುದು. ಗ್ಲೆನ್ ಗೂಲ್ಡ್ ಇದನ್ನೇ ಸಿದ್ಧಾಂತ ಮಾಡಿಕೊಂಡು 1964ರಲ್ಲಿ ಕಛೇರಿಗಳನ್ನೇ ಬಿಟ್ಟರು. ಬುಡಾಪೆಸ್ಟಿನ ಆನಿ ಫಿಷರ್ ಇದೇ ಟೇಪಿನಿಂದ ಸಂಕಟಕ್ಕೆ ಸಿಕ್ಕಿಕೊಂಡರು. 1977–78ರಲ್ಲಿ ಎಲ್ಲ ಸೊನಾಟಗಳನ್ನು ಮುದ್ರಿಸಿದ ಮೇಲೂ ಅವರಿಗೆ ತೃಪ್ತಿಯಿಲ್ಲ. ವರ್ಷಗಟ್ಟಲೆ ತಿದ್ದುತ್ತಲೇ ಇದ್ದರು. ಆ ಸರಣಿ ಪೂರ್ತಿಯಾಗಿ ಹೊರಬಂದದ್ದು 1995ರಲ್ಲಿ ಅವರು ತೀರಿಕೊಂಡ ನಂತರ. ಕೇಳಿದವರಿಗೆ ತಿದ್ದಿದ ಗುರುತೇ ಕಾಣದಷ್ಟು ಅದು ಧಗಧಗಿಸುತ್ತದೆ.

ಮುಗಿಯದೆ ಉಳಿದವೂ ಹಲವು. ವಾಲ್ಟರ್ ಗೀಸೆಕಿಂಗ್ 1956ರ ಅಕ್ಟೋಬರಿನಲ್ಲಿ ‘ಪಾಸ್ಟೊರಲ್’ ಸೊನಾಟದ ಮೂರು ಭಾಗ ಮುಗಿಸಿ ಕೊನೆಯದನ್ನು ಮರುದಿನಕ್ಕೆಂದು ಇಟ್ಟಿದ್ದರು, ಅಷ್ಟರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು. ಪ್ಲೇಟು ಕೊನೆಯ ಭಾಗವಿಲ್ಲದೆ ಹೊರಬಂತು. ಅದೇ ವರ್ಷ ಸೊಲೊಮನ್‌ಗೆ ಪಾರ್ಶ್ವವಾಯು ಬಡಿದು ಅವರ ಸರಣಿ ನಿಂತಿತು. ಎಮಿಲ್ ಗಿಲೆಲ್ಸ್ 1985ರಲ್ಲಿ ಐದು ಸೊನಾಟ ಬಾಕಿ ಉಳಿಸಿ ಹೋದರು, ಅವುಗಳಲ್ಲಿ ಕೊನೆಯ 32ನೆಯದೂ ಒಂದು. ಮೌರಿಟ್ಸಿಯೊ ಪೊಲ್ಲಿನಿ ಪಾರಾದರು, 1975ರಲ್ಲಿ ಶುರುಮಾಡಿ 2014ರಲ್ಲಿ ಮುಗಿಸಿದರು.

ಈ ನಡುವೆ ಯಾವ ಪಿಯಾನೊ ಎಂಬ ಪ್ರಶ್ನೆಯೂ ಎದ್ದಿತು. ‘ಮೂನ್‌ಲೈಟ್’ ಸೊನಾಟದ ಮೊದಲ ಭಾಗದುದ್ದಕ್ಕೂ ತಂತಿಗಳನ್ನು ತಡೆಯದೆ ಬಿಡಬೇಕೆಂದು ಬೀಥೋವನ್ ಬರೆದಿದ್ದಾನೆ. ಇಂದಿನ ಎರಕದ ಕಬ್ಬಿಣದ ಚೌಕಟ್ಟಿನ ಪಿಯಾನೊದಲ್ಲಿ ಹಾಗೆ ಮಾಡಿದರೆ ಸ್ವರಗಳು ಒಂದರ ಮೇಲೊಂದು ಕಲಸಿಹೋಗುತ್ತವೆ. ಆತನ ಕಾಲದ ಮರದ ಪಿಯಾನೊದಲ್ಲಿ ದನಿ ಬೇಗ ಅಡಗುವುದರಿಂದ ತೆಳ್ಳಗಿನ ಮಬ್ಬಷ್ಟೇ ಉಳಿಯುತ್ತದೆ. ಪೌಲ್ ಬಡೂರ-ಸ್ಕೋಡ ಹಳೆಯ ವಾದ್ಯಗಳಲ್ಲಿ, ಆಮೇಲೆ ರೊನಾಲ್ಡ್ ಬ್ರೌಟಿಗಮ್ ಹಳೆಯ ಮಾದರಿಯಂತೆ ಕಟ್ಟಿಸಿದ ವಾದ್ಯಗಳಲ್ಲಿ ಇದನ್ನು ಕಿವಿಗೆ ತೋರಿಸಿಕೊಟ್ಟರು. ಆಂದ್ರಾಶ್ ಶಿಫ್ ಇಂದಿನ ಪಿಯಾನೊದಲ್ಲೇ, ತಂತಿಗಳ ತಡೆ ತೆಗೆಯುವ ಪೆಡಲನ್ನು ಬಿಡದೆ ನುಡಿಸುವ ಧೈರ್ಯ ಮಾಡಿದರು. ಅವರ ಸರಣಿಯ ಬಹುಪಾಲು ಸ್ಟುಡಿಯೊದ್ದಲ್ಲ, ಜ್ಯೂರಿಕ್ಕಿನ ಕಛೇರಿಗಳದ್ದು.

ತಿದ್ದುವ ತಂತ್ರ ಎಲ್ಲಿಗೆ ಮುಟ್ಟಬಹುದೆಂಬುದು 2007ರಲ್ಲಿ ಬಯಲಾಯಿತು. ಬ್ರಿಟನ್ನಿನ ಜಾಯ್ಸ್ ಹ್ಯಾಟೊ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿಡಿಗಳು ಬಂದಿದ್ದವು, ವಿಮರ್ಶಕರು ಕೊಂಡಾಡಿದ್ದರು. ಅವರು ತೀರಿಕೊಂಡ ಮರುವರ್ಷ ಯಾರೋ ಒಂದು ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ತೆರೆಯ ಮೇಲೆ ಬೇರೆಯೇ ವಾದಕನ ಹೆಸರು ಮೂಡಿತು. ಗಂಡ ಬೇರೆಯವರ ಮುದ್ರಣಗಳನ್ನು ತಂದು, ಕೆಲವನ್ನು ವೇಗ ಬದಲಿಸಿ, ಹೆಂಡತಿಯ ಹೆಸರಿನಲ್ಲಿ ಮಾರಿದ್ದ. ವಿಮರ್ಶಕರ ಕಿವಿ ಹಿಡಿಯದ್ದನ್ನು ಹಾಡಿನ ಉದ್ದ ಲೆಕ್ಕ ಹಾಕುವ ತಂತ್ರಾಂಶ ಹಿಡಿಯಿತು.

ಹೊಸ ಸರಣಿಗಳು ನಿಂತಿಲ್ಲ. ಈಗೋರ್ ಲೆವಿಟ್‌ರದು 2019ರಲ್ಲಿ ಬಂತು, ಡ್ಯಾನಿಯಲ್ ಬಾರೆನ್‌ಬಾಯಿಮ್ 2020ರ ಸಾಂಕ್ರಾಮಿಕದ ಬಿಡುವಿನಲ್ಲಿ ಬರ್ಲಿನ್ನಿನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಮುದ್ರಿಸಿದರು. ಹೊಸದಾಗಿ ಕೇಳಲು ಕೂರುವವರಿಗೆ ನನ್ನ ಸಲಹೆ ಬೇರೆ: ಯಾವ ಪೆಟ್ಟಿಗೆಯನ್ನೂ ಇಡಿಯಾಗಿ ಹಿಡಿಯಬೇಡಿ. ‘ಹ್ಯಾಮರ್‌ಕ್ಲಾವಿಯರ್’ನ ಮೊದಲ ಭಾಗವೊಂದನ್ನೇ ಶ್ನಾಬೆಲ್ ಕೈಯಲ್ಲಿ ಕೇಳಿ, ಆಮೇಲೆ ಗಿಲೆಲ್ಸ್ 1982ರಲ್ಲಿ ನಿಧಾನವಾಗಿ ಕಟ್ಟಿದ್ದನ್ನು ಕೇಳಿ. ಶ್ನಾಬೆಲ್‌ರ ಪ್ಲೇಟುಗಳು ಭಾರತದಲ್ಲಿ ಹಕ್ಕುಸ್ವಾಮ್ಯದ ಅವಧಿ ದಾಟಿವೆ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ.