ಲಾಲಾರಸ ಮತ್ತು ರೋಗನಿರೋಧ: ಒಂದು ಐತಿಹಾಸಿಕ ಸಮೀಕ್ಷೆ

ರೋಗಿಯ ದೇಹದೊಳಗೆ ನಡೆಯುತ್ತಿರುವ ಹೋರಾಟದ ಸ್ವರೂಪವನ್ನು ಅರಿಯಬೇಕಾದರೆ ಅವನ ರಕ್ತವನ್ನು ಪರೀಕ್ಷಿಸಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವೈದ್ಯಶಾಸ್ತ್ರದಲ್ಲಿ ಬೇರೂರಿದ ನಂಬಿಕೆ. ಬಾಯಿಯ ನೀರಿಗೆ ಅಂಥ ಗೌರವ ದೊರೆತುದು ಬಹಳ ತಡವಾಗಿ. ನಮ್ಮ ಆಡುನುಡಿಯಲ್ಲಿ ಜೊಲ್ಲು, ಉಗುಳು, ಎಂಜಲು ಎಂಬ ಮಾತುಗಳಿಗೆಲ್ಲ ತಿರಸ್ಕಾರದ ಛಾಯೆಯೊಂದು ಅಂಟಿಕೊಂಡಿದೆ. ಆಯುರ್ವೇದವು ನಾಲಗೆಯಲ್ಲಿ ನೆಲೆಸಿ ರುಚಿಯನ್ನು ತಿಳಿಸುವ ಬೋಧಕ ಕಫವೆಂಬುದನ್ನು ಹೇಳಿ ಈ ದ್ರವಕ್ಕೆ ಒಂದು ಸ್ಥಾನವನ್ನು ಕಲ್ಪಿಸಿತಾದರೂ, ಅದರ ಮುಖ್ಯ ಆಸಕ್ತಿ ರುಚಿಯಲ್ಲಿತ್ತು, ರೋಗದಲ್ಲಿ ಅಲ್ಲ. ಲಾಲಾರಸವು ರೋಗನಿರೋಧದ ಸಾಕ್ಷಿಯಾಗಿ ಅಂಗೀಕೃತವಾದ ಬಗೆ ಯಾವುದು, ಆ ಅಂಗೀಕಾರಕ್ಕೆ ಇಷ್ಟು ಕಾಲ ಹಿಡಿಯಲು ಕಾರಣವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಬಯಸುತ್ತೇವೆ.

ಲಾಲಾಗ್ರಂಥಿಗಳ ಅಂಗರಚನೆ ಹದಿನೇಳನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿತ್ತು. ಇಂಗ್ಲೆಂಡಿನ ಥಾಮಸ್ ವಾರ್ಟನ್ 1656ರಲ್ಲಿ ದವಡೆಯ ಕೆಳಗಣ ಗ್ರಂಥಿಯ ನಾಳವನ್ನು ವರ್ಣಿಸಿದನು. ಡೆನ್ಮಾರ್ಕಿನ ನೀಲ್ಸ್ ಸ್ಟೆನೊ 1660ರಲ್ಲಿ, ಕುರಿಯ ತಲೆಯೊಂದನ್ನು ಛೇದಿಸುತ್ತಿದ್ದಾಗ, ಕಿವಿಯ ಮುಂದಣ ಪೆರೋಟಿಡ್ ಗ್ರಂಥಿಯ ನಾಳವನ್ನು ಕಂಡನು. 1831ರಲ್ಲಿ ಜರ್ಮನಿಯ ಲಾಯ್ಕ್ಸ್ ಲಾಲಾರಸವು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆಂದು ತೋರಿಸಿದನು. ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು 1851ರಲ್ಲಿ ಕಾರ್ಲ್ ಲುಡ್ವಿಗ್ ನಡೆಸಿದ ಪ್ರಯೋಗ. ಗ್ರಂಥಿಗೆ ಹೋಗುವ ನರವನ್ನು ಪ್ರಚೋದಿಸಿದಾಗ ನಾಳದೊಳಗಣ ಲಾಲಾರಸದ ಒತ್ತಡವು ಅಪಧಮನಿಯ ರಕ್ತದ ಒತ್ತಡವನ್ನೂ ಮೀರಬಲ್ಲದೆಂದು ಅವನು ಅಳೆದು ತೋರಿಸಿದನು. ನೀರು ತಗ್ಗಿನಿಂದ ದಿಣ್ಣೆಗೆ ತಾನಾಗಿ ಹರಿಯುವುದಿಲ್ಲ. ಹಾಗೆಯೇ ರಕ್ತವು ಸೋಸಿ ಲಾಲಾರಸವಾಗುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಗ್ರಂಥಿಯು ಸ್ವತಃ ದುಡಿದು ಈ ದ್ರವವನ್ನು ಉತ್ಪಾದಿಸುತ್ತದೆ. ಶರೀರಕ್ರಿಯಾಶಾಸ್ತ್ರವು ಹೀಗೆ ಸಿದ್ಧಪಡಿಸಿದ ಮಾತನ್ನು ರೋಗನಿರೋಧಶಾಸ್ತ್ರವು ನೂರು ವರ್ಷ ಮರೆತಿತ್ತೆಂಬುದನ್ನು ಮುಂದೆ ಕಾಣುತ್ತೇವೆ.

ಈ ನಡುವೆ ವೈದ್ಯರ ದೃಷ್ಟಿಯಲ್ಲಿ ಲಾಲಾರಸವು ರೋಗದ ವಾಹಕವೇ ಹೊರತು ರಕ್ಷಕವಾಗಿರಲಿಲ್ಲ. 1804ರಲ್ಲಿ ಜರ್ಮನಿಯ ಟ್ಸಿಂಕೆ ಹುಚ್ಚುನಾಯಿಯ ಜೊಲ್ಲನ್ನು ಆರೋಗ್ಯವಂತ ನಾಯಿಯ ಗಾಯಕ್ಕೆ ಸವರಿ ರೇಬೀಸ್ ರೋಗವನ್ನು ಉಂಟುಮಾಡಿದ್ದನು. 1880ರ ಡಿಸೆಂಬರಿನಲ್ಲಿ ಲೂಯಿ ಪಾಸ್ತರನು ರೇಬೀಸಿನಿಂದ ಮಡಿದ ಮಗುವೊಂದರ ಲಾಲಾರಸವನ್ನು ಮೊಲಗಳಿಗೆ ಚುಚ್ಚಿದನು. ಮೊಲಗಳು ಸತ್ತುವು, ಆದರೆ ರೇಬೀಸಿನಿಂದಲ್ಲ. ಅದೇ ವರ್ಷ ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ತನ್ನ ಸ್ವಂತ ಲಾಲಾರಸವನ್ನೇ ಮೊಲಗಳಿಗೆ ಚುಚ್ಚಿದಾಗ ಅವೂ ಸತ್ತುವು. ಇಬ್ಬರೂ ಕಂಡದ್ದು ಒಂದೇ ಸೂಕ್ಷ್ಮಜೀವಿಯನ್ನು. ನ್ಯುಮೋನಿಯದ ಕಾರಣವೆಂದು ಮುಂದೆ ಪ್ರಸಿದ್ಧವಾದ ನ್ಯುಮೊಕಾಕಸ್ ಅದೇ. ಆರೋಗ್ಯವಂತನ ಬಾಯಲ್ಲಿಯೂ ಮಾರಕ ಜೀವಿ ಇರಬಲ್ಲದೆಂದಾದರೆ ಅವನೇಕೆ ಸಾಯುವುದಿಲ್ಲ ಎಂಬ ಪ್ರಶ್ನೆ ಅಲ್ಲಿಯೇ ಅಡಗಿತ್ತು. ಅದಕ್ಕೆ ಉತ್ತರ ದೊರೆಯಲು ಬಹಳ ಕಾಲ ಬೇಕಾಯಿತು.

1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ರಕ್ತರಸದಲ್ಲಿ ವಿಷಹಾರಿ ಗುಣವಿದೆಯೆಂದು ತೋರಿಸಿದ ಮೇಲೆ ರೋಗನಿರೋಧದ ವಿಚಾರವೆಲ್ಲ ರಕ್ತದ ಸುತ್ತಲೇ ಬೆಳೆಯಿತು. ಈ ಪರಂಪರೆಗೆ ಹೊರತಾದ ಒಂದು ದನಿ 1922ರಲ್ಲಿ ಲಂಡನ್ನಿನಿಂದ ಕೇಳಿಬಂದಿತು. ನೆಗಡಿಯಾಗಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ 1921ರ ನವೆಂಬರಿನಲ್ಲಿ ತನ್ನ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯದ ತಟ್ಟೆಯ ಮೇಲಿಟ್ಟಾಗ ಸುತ್ತಲಿನ ಜೀವಿಗಳು ಕರಗಿಹೋದುವು. ಕಣ್ಣೀರು, ಲಾಲಾರಸ, ಕೋಳಿಮೊಟ್ಟೆಯ ಬಿಳಿ ಭಾಗ ಇವೆಲ್ಲದರಲ್ಲಿಯೂ ಅದೇ ಶಕ್ತಿಯಿತ್ತು. ಲೈಸೊಜೈಮ್ ಎಂಬ ಆ ಕಿಣ್ವವು ಉಗ್ರ ರೋಗಾಣುಗಳ ಮೇಲೆ ಅಷ್ಟಾಗಿ ಪರಿಣಾಮ ಮಾಡದಿದ್ದುದರಿಂದ ವೈದ್ಯಪ್ರಪಂಚ ಅದನ್ನು ಕುತೂಹಲದ ವಸ್ತುವೆಂದಷ್ಟೇ ಎಣಿಸಿತು. ಅದೇ 1922ರಲ್ಲಿ ಆರ್ಥರ್ ಡೇವೀಸ್ ರಕ್ತಭೇದಿಯ ರೋಗಿಗಳನ್ನು ಪರೀಕ್ಷಿಸಿ, ರಕ್ತದಲ್ಲಿ ಪ್ರತಿಕಾಯಗಳು ತಲೆದೋರುವುದಕ್ಕೆ ಮೊದಲೇ ಮಲದಲ್ಲಿ ಅವು ಕಾಣುತ್ತವೆಯೆಂದು ವರದಿಮಾಡಿದನು. ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ಬೆಸ್ರೆಡ್ಕ ಸ್ಥಾನಿಕ ರೋಗನಿರೋಧವೆಂಬ ಸಿದ್ಧಾಂತವನ್ನೇ ಮಂಡಿಸಿದನು. ಆದರೆ ಸ್ರಾವಗಳಲ್ಲಿನ ಪ್ರತಿಕಾಯವು ರಕ್ತದಿಂದ ಜಿನುಗಿದ್ದಲ್ಲವೆಂದು ತೋರಿಸುವ ಸಾಧನ ಆಗ ಇರಲಿಲ್ಲ. ಸಾಧನವಿಲ್ಲದ ಸತ್ಯವು ಊಹೆಯೆಂದೇ ಎನಿಸಿಕೊಳ್ಳುತ್ತದೆ.

ಆ ಸಾಧನ 1953ರಲ್ಲಿ ದೊರೆಯಿತು. ಅದೇ ಪಾಸ್ತರ್ ಸಂಸ್ಥೆಯಲ್ಲಿ ಗ್ರಬಾರ್ ಮತ್ತು ವಿಲಿಯಮ್ಸ್ ರಕ್ತರಸದ ಪ್ರೋಟೀನುಗಳನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ಪ್ರತಿಕಾಯಗಳಿಂದ ಗುರುತಿಸುವ ವಿಧಾನವನ್ನು ರೂಪಿಸಿದರು. ಬೆಲ್ಜಿಯಮ್ಮಿನ ಜೋಸೆಫ್ ಹೆರೆಮನ್ಸ್ 1959ರಲ್ಲಿ, ಇಂದು ಐಜಿಎ ಎಂದು ಕರೆಯುವ ಪ್ರತಿಕಾಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ರಕ್ತದಲ್ಲಿ ಅದು ಐಜಿಜಿಗಿಂತ ಬಹಳ ಕಡಿಮೆ. 1963ರಲ್ಲಿ ಅಮೆರಿಕದ ಚೋಡಿರ್ಕರ್ ಮತ್ತು ಟೊಮಾಸಿ ಲಾಲಾರಸವನ್ನು ಅಳೆದಾಗ ಪ್ರಮಾಣವು ತಲೆಕೆಳಗಾಗಿತ್ತು. ಅಲ್ಲಿ ಐಜಿಎಯದೇ ಮೇಲುಗೈ. ಲಾಲಾರಸವು ಸೋಸಿದ ರಕ್ತವಾಗಿದ್ದರೆ ಈ ವ್ಯತ್ಯಾಸಕ್ಕೆ ಅವಕಾಶವಿರಲಿಲ್ಲ. 1965ರಲ್ಲಿ ಟೊಮಾಸಿ ಮತ್ತು ಅವನ ಸಹೋದ್ಯೋಗಿಗಳು ಈ ವಾದವನ್ನು ಪೂರ್ಣಗೊಳಿಸಿದರು. ಲಾಲಾರಸದ ಐಜಿಎ ಅಣುವು ರಕ್ತದ್ದಕ್ಕಿಂತ ದೊಡ್ಡದು, ಅದಕ್ಕೆ ರಕ್ತದಲ್ಲಿಲ್ಲದ ಮತ್ತೊಂದು ತುಂಡು ಸೇರಿಕೊಂಡಿದೆ. ವಿಕಿರಣದ ಗುರುತು ಹಾಕಿ ರಕ್ತಕ್ಕೆ ಸೇರಿಸಿದ ಐಜಿಎ ಹೇಳಿಕೊಳ್ಳುವಷ್ಟು ಲಾಲಾರಸಕ್ಕೆ ಬರುವುದಿಲ್ಲ. ಗ್ರಂಥಿಯ ನಡುವಣ ಪ್ಲಾಸ್ಮಾ ಕಣಗಳೇ ಅದನ್ನು ತಯಾರಿಸುತ್ತವೆ. ಲುಡ್ವಿಗ್ ದ್ರವದ ವಿಷಯದಲ್ಲಿ ಹೇಳಿದುದನ್ನು ಟೊಮಾಸಿ ಪ್ರತಿಕಾಯದ ವಿಷಯದಲ್ಲಿ ಹೇಳಿದನು. ಎರಡರ ನಡುವಣ ಅಂತರ 114 ವರ್ಷ. ಫ್ಲೆಮಿಂಗನ ಲೈಸೊಜೈಮಿನ ಅಣುರಚನೆಯನ್ನು ಡೇವಿಡ್ ಫಿಲಿಪ್ಸ್ ಎಕ್ಸ್-ಕಿರಣಗಳಿಂದ ಬಿಡಿಸಿದ್ದೂ ಅದೇ 1965ರಲ್ಲಿ ಎಂಬುದು ಗಮನಾರ್ಹ.

ಇದು ಕೇವಲ ಪ್ರಯೋಗಶಾಲೆಯ ವಾದವಾಗಿ ಉಳಿಯಲಿಲ್ಲ. 1968ರಲ್ಲಿ ಒಗ್ರ ಮತ್ತು ಕಾರ್ಜನ್ ಮುಂತಾದವರು ಪೋಲಿಯೊ ಲಸಿಕೆ ಪಡೆದ ಮಕ್ಕಳನ್ನು ಪರೀಕ್ಷಿಸಿದರು. ಚುಚ್ಚುಮದ್ದಿನ ಲಸಿಕೆಯೂ ಬಾಯಿಯ ಹನಿಗಳೂ ರಕ್ತದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿದುವು. ಆದರೆ ಗಂಟಲು ಮತ್ತು ಕರುಳಿನ ಸ್ರಾವಗಳಲ್ಲಿ ಐಜಿಎ ಸಮೃದ್ಧವಾಗಿ ಕಾಣಿಸಿಕೊಂಡದ್ದು ಹನಿಗಳನ್ನು ಪಡೆದ ಮಕ್ಕಳಲ್ಲಿ. ರಕ್ತವನ್ನಷ್ಟೇ ನೋಡಿದವನಿಗೆ ಎರಡು ಲಸಿಕೆಗಳೂ ಸಮವೆಂದು ತೋರುತ್ತಿತ್ತು.

ಹಾಗಾದರೆ ಲಾಲಾರಸವು ರಕ್ತದ ಸುದ್ದಿಯನ್ನು ಹೇಳಲಾರದೆ? ಹೇಳಬಲ್ಲದು, ಆದರೆ ಬೇರೊಂದು ದಾರಿಯಿಂದ. ಹಲ್ಲಿಗೂ ವಸಡಿಗೂ ನಡುವಣ ಸಂದಿಯಿಂದ ರಕ್ತರಸವನ್ನು ಹೋಲುವ ದ್ರವವೊಂದು ಸದಾ ಜಿನುಗುತ್ತಿರುತ್ತದೆ. ಬಾಯಿಗೆ ಐಜಿಜಿ, ಐಜಿಎಂ ಪ್ರತಿಕಾಯಗಳು ಬರುವುದು ಹೆಚ್ಚಾಗಿ ಈ ಮಾರ್ಗದಿಂದ; ಪ್ರಮಾಣ ಮಾತ್ರ ರಕ್ತದಲ್ಲಿರುವುದಕ್ಕಿಂತ ನೂರಾರು ಪಾಲು ಕಡಿಮೆ. 1987ರಲ್ಲಿ ಲಂಡನ್ನಿನ ಪ್ಯಾರಿ, ಪೆರ್ರಿ ಮತ್ತು ಮಾರ್ಟಿಮರ್ ಈ ಅಲ್ಪ ಪ್ರಮಾಣವನ್ನು ಹಿಡಿಯಬಲ್ಲ ಸೂಕ್ಷ್ಮ ವಿಧಾನವನ್ನು ಪ್ರಕಟಿಸಿದರು. ಇದರ ಫಲವನ್ನು ಮೊದಲು ಉಂಡವರು ಮಕ್ಕಳು. ಲಸಿಕೆಯಿಂದ ದಡಾರ ವಿರಳವಾದ ಬ್ರಿಟನ್ನಿನಲ್ಲಿ ಕೆಂಪು ಗಂದೆಗಳನ್ನು ಕಂಡ ಮಾತ್ರಕ್ಕೆ ದಡಾರವೆನ್ನುವುದು ಅಪಾಯಕರವಾಗಿತ್ತು. ಪ್ರತಿಯೊಂದು ಮಗುವಿನ ರಕ್ತ ತೆಗೆಯಲು ತಾಯಂದಿರು ಒಪ್ಪುವಂತಿರಲಿಲ್ಲ. 1994ರ ನವೆಂಬರಿನಿಂದ ವಸಡಿನ ಮೇಲೆ ಚಿಕ್ಕ ಸ್ಪಂಜನ್ನು ಉಜ್ಜಿ, ಆ ದ್ರವದಲ್ಲಿ ಐಜಿಎಂ ಹುಡುಕುವ ಪದ್ಧತಿ ಅಲ್ಲಿ ಆರಂಭವಾಯಿತು. ದಡಾರವೆಂದು ವರದಿಯಾದವುಗಳಲ್ಲಿ ಅಲ್ಪಾಂಶ ಮಾತ್ರ ನಿಜವಾದ ದಡಾರವೆಂದು ಅದರಿಂದ ತಿಳಿಯಿತು. ಸೂಜಿಯ ಭಯವಿಲ್ಲದ ಪರೀಕ್ಷೆಯೊಂದು ಇಡೀ ದೇಶದ ರೋಗಲೆಕ್ಕವನ್ನು ತಿದ್ದಿತು.

ಉರಿಯೂತದ ಕುರುಹುಗಳ ಕಥೆ ಇಷ್ಟು ಸರಳವಾಗಿಲ್ಲ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯ ರೋಗಿಗಳ ರಕ್ತದಲ್ಲಿ, ನ್ಯುಮೊಕಾಕಸಿನ ಒಂದು ಅಂಶದೊಡನೆ ಗರಣೆಗಟ್ಟುವ ವಸ್ತುವನ್ನು ಕಂಡರು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್. ಅದು ಹುಟ್ಟುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಲಾಲಾರಸದಲ್ಲಿ ಅದು ಅತ್ಯಲ್ಪವಾಗಿ ದೊರೆಯುತ್ತದೆ. ಇಂಟರ್‌ಲ್ಯೂಕಿನ್‌ಗಳೆಂಬ ಉರಿಯೂತದ ಸಂದೇಶವಾಹಕಗಳೂ ದೊರೆಯುತ್ತವೆ. ಆದರೆ ವಸಡು ಬಾತಿದ್ದರೆ ಸಂದಿಯ ಜಿನುಗು ಹೆಚ್ಚುತ್ತದೆ, ಇವುಗಳ ಪ್ರಮಾಣವೂ ಏರುತ್ತದೆ. ಆ ಏರಿಕೆ ಹೃದಯದ ಸುದ್ದಿಯೋ ಹಲ್ಲಿನ ಸುದ್ದಿಯೋ ಎಂದು ವಿವೇಚಿಸದೆ ತೀರ್ಮಾನಿಸುವುದು ತಪ್ಪು. ಲಾಲಾರಸವು ವೇಗವಾಗಿ ಸುರಿದಾಗ ಐಜಿಎಯ ಸಾಂದ್ರತೆ ಇಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2020ರ ಕೋವಿಡ್ ಮಹಾಮಾರಿಯು ಈ ಎಲ್ಲ ಪಾಠಗಳನ್ನು ಒಟ್ಟಿಗೆ ಒರೆಗೆ ಹಚ್ಚಿತು. ವೈರಸ್ಸನ್ನು ಹುಡುಕಲು ಯೇಲ್ ವಿಶ್ವವಿದ್ಯಾನಿಲಯದವರು ರೂಪಿಸಿದ ಲಾಲಾರಸದ ಪರೀಕ್ಷೆಗೆ ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿ ದೊರೆಯಿತು. ಟೊರಾಂಟೊ ನಗರದ ಸಂಶೋಧಕರು ಅದೇ ವರ್ಷ, ಲಾಲಾರಸದ ಐಜಿಜಿಯು ರಕ್ತದ ಐಜಿಜಿಯಂತೆಯೇ ಸುಮಾರು ಮೂರು ತಿಂಗಳು ನಿಲ್ಲುವುದೆಂದೂ, ಐಜಿಎಯು ಬೇಗ ಇಳಿಯುವುದೆಂದೂ ತೋರಿಸಿದರು. ಸಂದಿಯ ದಾರಿ ಮತ್ತು ಗ್ರಂಥಿಯ ದಾರಿ ಎರಡೂ ಒಂದೇ ದ್ರವದಲ್ಲಿ ಬೇರೆಬೇರೆ ಕಥೆಗಳನ್ನು ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಇಷ್ಟರಿಂದ ನಾವು ತಲುಪುವ ನಿರ್ಣಯವಿದು. ಲಾಲಾರಸವನ್ನು ರೋಗನಿರೋಧದ ಗವಾಕ್ಷಿಯೆಂದು ಕರೆಯುವುದು ವಾಡಿಕೆ. ಆ ಗವಾಕ್ಷಿ ತೆರೆದುಕೊಳ್ಳುವುದು ಒಂದು ಕೋಣೆಗಲ್ಲ, ಎರಡಕ್ಕೆ: ರಕ್ತದ ಕೋಣೆಗೆ ಒಂದು ಪಕ್ಕದಿಂದ, ಲೋಳೆಪೊರೆಯ ಕೋಣೆಗೆ ಮತ್ತೊಂದು ಪಕ್ಕದಿಂದ. ಹಿಂದಿನವರು ಲಾಲಾರಸವನ್ನು ಬಡವಾದ ರಕ್ತವೆಂದು ಬಗೆದು ಎರಡನೆಯ ಕೋಣೆಯನ್ನು ಕಾಣದೆ ಹೋದರು. ಸುಲಭವಾಗಿ ದೊರೆಯುತ್ತದೆಂಬ ಕಾರಣದಿಂದ ಇಂದು ಅದನ್ನೇ ರಕ್ತಕ್ಕೆ ಬದಲಾಗಿ ಎಲ್ಲೆಡೆ ಬಳಸಹೊರಟರೆ ನಾವೂ ಅದೇ ತಪ್ಪನ್ನು ಬೇರೊಂದು ರೀತಿಯಲ್ಲಿ ಮಾಡಿದಂತಾಗುತ್ತದೆ. ಬಾಯಿಯ ನೀರು ಏನು ಹೇಳುತ್ತಿದೆ ಎಂದು ಕೇಳುವ ಮೊದಲು ಅದು ಎಲ್ಲಿಂದ ಬಂದಿತೆಂದು ಕೇಳುವುದು ಸಂಶೋಧಕನ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.