ಕಾರ್ಖಾನೆಯ ಇ-ತ್ಯಾಜ್ಯ
ವಿದ್ಯುನ್ಮಾನ ಸಾಧನಗಳ ತಯಾರಿಕೆಯಲ್ಲಿ ಗುಣಮಟ್ಟದ ಪರೀಕ್ಷೆ ದಾಟದೆ ತಿರಸ್ಕೃತವಾದ ಸರ್ಕ್ಯೂಟ್ ಬೋರ್ಡು, ಬಿಡಿಭಾಗ ಹಾಗೂ ಸಿದ್ಧ ಸಾಧನಗಳು.

ಕಾನೂನು: 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022, ಜನ ಬಳಸಿ ಬಿಟ್ಟ ಸಾಧನಗಳ ಜೊತೆಗೆ ತಯಾರಿಕೆ, ನವೀಕರಣ ಮತ್ತು ದುರಸ್ತಿಯಲ್ಲಿ ತಿರಸ್ಕೃತವಾದವನ್ನೂ ಇ-ತ್ಯಾಜ್ಯವೆಂದೇ ಪರಿಗಣಿಸುತ್ತವೆ. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ತಮ್ಮಲ್ಲಿ ಉಂಟಾದ ತ್ಯಾಜ್ಯವನ್ನು ಸಂಗ್ರಹಿಸಿ ಮರುಬಳಕೆಗೆ ಅಥವಾ ವಿಲೇವಾರಿಗೆ ಕಳುಹಿಸಬೇಕು. ಸಾಮಾನ್ಯವಾಗಿ 180 ದಿನಗಳಿಗಿಂತ ಹೆಚ್ಚು ಕಾಲ ದಾಸ್ತಾನು ಇಡುವಂತಿಲ್ಲ.

ಸಂಸ್ಕರಣೆ: ಸರಿಪಡಿಸಬಹುದಾದವು ಉತ್ಪಾದನೆಗೆ ಮರಳುತ್ತವೆ. ಉಳಿದವನ್ನು ಬಿಡಿಸಿ, ಯಂತ್ರದಲ್ಲಿ ಪುಡಿಮಾಡಿ, ಅಯಸ್ಕಾಂತದಿಂದ ಕಬ್ಬಿಣವನ್ನು ಬೇರ್ಪಡಿಸುತ್ತಾರೆ. ತಾಮ್ರ, ಬೆಳ್ಳಿ, ಚಿನ್ನ ಮತ್ತು ಪಲ್ಲಾಡಿಯಂಗಳನ್ನು ಕುಲುಮೆಯಲ್ಲಿ ಕರಗಿಸಿ ಅಥವಾ ರಾಸಾಯನಿಕ ಕ್ರಿಯೆಯಿಂದ ಪಡೆಯಲಾಗುತ್ತದೆ. ಬೆಂಗಳೂರಿನ ಸಮೀಪ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ದೇಶದ ಮೊದಮೊದಲ ಅಧಿಕೃತ ಮರುಬಳಕೆ ಘಟಕಗಳಲ್ಲೊಂದು.

ಅಪಾಯ: ಅನಧಿಕೃತ ಗುಜರಿಗಳಲ್ಲಿ ತಂತಿಗಳನ್ನು ಬಯಲಲ್ಲೇ ಸುಟ್ಟು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವುದುಂಟು. ಇದರಿಂದ ಡಯಾಕ್ಸಿನ್ ಗಾಳಿಗೂ ಸೀಸ, ಕ್ಯಾಡ್ಮಿಯಂ ಮಣ್ಣಿಗೂ ನೀರಿಗೂ ಸೇರುತ್ತವೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವುದರಿಂದ, ತ್ಯಾಜ್ಯ ಕಾರ್ಖಾನೆಯಿಂದ ನೇರವಾಗಿ ನೋಂದಾಯಿತ ಘಟಕವನ್ನೇ ತಲುಪುವುದು ಅತ್ಯಗತ್ಯ.